ಐದೂ ಮೂವತ್ತೈದರ ಹುಡುಗಿ

1988ರ ನವೆಂಬರ್ 8ರಂದು ಬ್ರಿಟನ್ನಿನ ಮನೆಮನೆಯಲ್ಲೂ ಒಂದು ಮದುವೆ ನಡೆಯಿತು. ಹೆಣ್ಣಿನ ಹೆಸರು ಷಾರ್ಲೀನ್. ಗ್ಯಾರೇಜಿನಲ್ಲಿ ಕಾರು ರಿಪೇರಿ ಕಲಿಯುತ್ತಿದ್ದವಳು, ಮಾತಿಗೆ ಮಾತು ಕೊಡುವ ದಿಟ್ಟೆ. ಗಂಡು ಸ್ಕಾಟ್, ಅದೇ ಬೀದಿಯ ಹುಡುಗ. ಆ ಬೀದಿ ಇದ್ದದ್ದು ದೂರದ ಆಸ್ಟ್ರೇಲಿಯಾದಲ್ಲಿ, ಅದೂ ಒಂದು ಧಾರಾವಾಹಿಯೊಳಗೆ. ಆದರೂ ಅವತ್ತು ಬಿಬಿಸಿಯ ಮುಂದೆ ಕೂತು ಆ ಮದುವೆ ನೋಡಿದವರು ಹತ್ತಿರಹತ್ತಿರ ಎರಡು ಕೋಟಿ ಮಂದಿ. ‘ನೇಬರ್ಸ್’ ಎಂಬ ಆ ಧಾರಾವಾಹಿಯಲ್ಲಿ ವಧುವಾಗಿ ನಿಂತಿದ್ದ ನಟಿ ಕೈಲೀ ಮಿನೋಗ್.

ಇದರಲ್ಲೊಂದು ಸೋಜಿಗವಿದೆ. ಅದೇ ಮದುವೆ ಆಸ್ಟ್ರೇಲಿಯಾದಲ್ಲಿ 1987ರ ಜುಲೈ 1ರಂದೇ ಪ್ರಸಾರವಾಗಿ ಮುಗಿದಿತ್ತು. ಕಂತುಗಳು ಸಮುದ್ರ ದಾಟಿ ಬ್ರಿಟನ್ನಿನ ತೆರೆಗೆ ಬರಲು ಹದಿನಾರು ತಿಂಗಳು ಹಿಡಿಯಿತು. ಹಾಗಾಗಿ ಬ್ರಿಟನ್ನಿನವರು ಷಾರ್ಲೀನಳ ಮದುವೆಗೆ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಸಲಿ ಕೈಲೀ ಧಾರಾವಾಹಿಯನ್ನು ಬಿಟ್ಟಾಗಿತ್ತು. ಬ್ರಿಟನ್ನಿನದೇ ಪಾಪ್ ಪಟ್ಟಿಯಲ್ಲಿ ಆಕೆಯ ಹಾಡು ಐದು ವಾರ ಮೊದಲ ಸ್ಥಾನದಲ್ಲಿದ್ದು ಇಳಿದಿತ್ತು. ಮೊದಲ ಆಲ್ಬಂ ಕೂಡ ಪಟ್ಟಿಯ ತುದಿ ಮುಟ್ಟಿತ್ತು. ಸಂಜೆ ಟಿವಿ ಹಾಕಿದರೆ ಮೇಲಂಗಿಗೆ ಗ್ರೀಸ್ ಮೆತ್ತಿಕೊಂಡ ಹುಡುಗಿ, ರೇಡಿಯೊ ಹಾಕಿದರೆ ಅದೇ ಹುಡುಗಿಯ ಹಾಡು. ಒಬ್ಬಳೇ ಹುಡುಗಿಯ ನಿನ್ನೆ ಮತ್ತು ಇವತ್ತು ಎರಡೂ ಒಟ್ಟೊಟ್ಟಿಗೆ ಒಂದೇ ಮನೆಯೊಳಗೆ ಓಡುತ್ತಿದ್ದವು.

ನಟಿಯೊಬ್ಬಳು ಪಾಪ್ ತಾರೆಯಾದ ಕಥೆ ಬಂದಾಗ ‘ನಟನೆ ಬಿಟ್ಟು ಹಾಡಿಗೆ ಬಂದಳು’ ಎಂದು ಹೇಳುವುದು ರೂಢಿ. ಕೈಲೀ ವಿಷಯದಲ್ಲಿ ನನಗೆ ಆ ಮಾತು ಒಪ್ಪಿಗೆಯಿಲ್ಲ. ಆಕೆಯನ್ನು ಮೇಲಕ್ಕೆ ತಂದದ್ದು ಧಾರಾವಾಹಿಯೇ. ಆಮೇಲೆ, ಇನ್ನೇನು ಮುಗಿಯಿತು ಎಂದು ಎಲ್ಲರೂ ಅಂದುಕೊಂಡ ವರ್ಷಗಳಲ್ಲಿ ಆಕೆಯನ್ನು ಕಾಪಾಡಿದ್ದೂ ನಟಿಯಾಗಿ ಮೈಗೂಡಿಸಿಕೊಂಡ ಅಭ್ಯಾಸಗಳೇ.

ಕೈಲೀ ಹುಟ್ಟಿದ್ದು 1968ರ ಮೇ 28ರಂದು, ಮೆಲ್ಬರ್ನ್‌ನಲ್ಲಿ. ತಂದೆ ಲೆಕ್ಕಪತ್ರದ ಕೆಲಸದವರು. ತಾಯಿ ವೇಲ್ಸ್‌ನಿಂದ ಬಂದವರು, ಹಿಂದೆ ಬ್ಯಾಲೆ ನೃತ್ಯ ಮಾಡುತ್ತಿದ್ದವರು. ಹನ್ನೊಂದರ ಆಸುಪಾಸಿನಲ್ಲೇ ಟಿವಿಯಲ್ಲಿ ಸಣ್ಣಪುಟ್ಟ ಪಾತ್ರ ಸಿಕ್ಕಿತು. ಆದರೆ ಆ ಮನೆಯಲ್ಲಿ ಮೊದಲು ಹೆಸರು ಮಾಡಿದ್ದು ತಂಗಿ ಡ್ಯಾನಿ. ಮಕ್ಕಳು ಹಾಡಿ ಕುಣಿಯುವ ‘ಯಂಗ್ ಟ್ಯಾಲೆಂಟ್ ಟೈಮ್’ ಎಂಬ ಕಾರ್ಯಕ್ರಮದಿಂದ ಅವಳು ಊರಿಗೆಲ್ಲ ಗೊತ್ತಾಗಿದ್ದಳು. ಅಕ್ಕನನ್ನು ಜನ ಡ್ಯಾನಿಯ ಅಕ್ಕ ಎಂದೇ ಗುರುತಿಸುತ್ತಿದ್ದ ಕಾಲವೊಂದಿತ್ತು.

1986ರ ಏಪ್ರಿಲ್‌ನಲ್ಲಿ ಷಾರ್ಲೀನ್ ತೆರೆಗೆ ಬಂದಳು. ಕೈಲೀಗೆ ಆಗ ಹದಿನೇಳು. ಆ ಪ್ರವೇಶವೇ ಚೆನ್ನ. ಯಾರೋ ಕಿಟಕಿ ಹತ್ತಿ ಮನೆಯೊಳಗೆ ನುಗ್ಗುತ್ತಿದ್ದಾರೆ, ಕಳ್ಳ ಇರಬೇಕೆಂದು ಸ್ಕಾಟ್ ಹಿಡಿಯಲು ಹೋಗುತ್ತಾನೆ, ಮುಖಕ್ಕೆ ಗುದ್ದು ಬೀಳುತ್ತದೆ. ಗುದ್ದಿದವಳು ಷಾರ್ಲೀನ್, ನುಗ್ಗುತ್ತಿದ್ದದ್ದು ತನ್ನದೇ ಮನೆಗೆ. ಆ ದಿನಗಳ ಧಾರಾವಾಹಿಯ ಹುಡುಗಿಯರು ಸಾಮಾನ್ಯವಾಗಿ ಮಾಡುವ ಕೆಲಸವಲ್ಲ ಇದು. ಸ್ಪ್ಯಾನರ್ ಹಿಡಿದು ಗ್ಯಾರೇಜಿಗೆ ಹೋಗುವ, ಓದು ಬಿಟ್ಟದ್ದಕ್ಕೆ ಅಮ್ಮನ ಜೊತೆ ಜಗಳವಾಡುವ, ಗುಂಗುರು ಕೂದಲಿನ ಈ ಗಿಡ್ಡ ಹುಡುಗಿಯನ್ನು ಶಾಲೆಗೆ ಹೋಗುವ ಹೆಣ್ಣುಮಕ್ಕಳು ತಮ್ಮವಳೆಂದು ಎತ್ತಿಕೊಂಡರು.

ದಿನಧಾರಾವಾಹಿಯ ಕೆಲಸ ಎಂಥದ್ದೆಂದು ಸ್ವಲ್ಪ ಹೇಳಬೇಕು. ‘ನೇಬರ್ಸ್’ ವಾರಕ್ಕೆ ಐದು ಕಂತು. ಮನೆಗಳ ಒಳಗಿನ ದೃಶ್ಯಗಳು ಮೆಲ್ಬರ್ನ್‌ನ ನನವಾಡಿಂಗ್ ಎಂಬಲ್ಲಿನ ಸ್ಟುಡಿಯೊದಲ್ಲಿ, ಬೀದಿಯ ದೃಶ್ಯಗಳು ಪಿನ್ ಓಕ್ ಕೋರ್ಟ್ ಎಂಬ ನಿಜವಾದ ಅಡ್ಡರಸ್ತೆಯಲ್ಲಿ. ಪುಟಗಟ್ಟಲೆ ಸಂಭಾಷಣೆ ಬಾಯಿಪಾಠ ಮಾಡಬೇಕು, ಬೆಳಗಾಗುವ ಮುಂಚೆ ಮೇಕಪ್ಪಿಗೆ ಕೂರಬೇಕು. ಒಂದೆರಡು ಟೇಕ್‌ನಲ್ಲಿ ದೃಶ್ಯ ಮುಗಿಯಬೇಕು, ಏಕೆಂದರೆ ನಾಳಿನ ಕಂತು ಕಾಯುತ್ತಿರುತ್ತದೆ. ಇಲ್ಲಿ ಸ್ಫೂರ್ತಿ ಬರಲಿ ಎಂದು ಕಾಯುವವರಿಗೆ ಜಾಗವಿಲ್ಲ. ಕರೆದಾಗ ಸಿದ್ಧವಿರುವುದು, ಹೇಳಿದ್ದನ್ನು ತಕ್ಷಣ ಹಿಡಿಯುವುದು, ಸುಸ್ತು ಮುಖದಲ್ಲಿ ಕಾಣದಂತೆ ನೋಡಿಕೊಳ್ಳುವುದು, ಇಷ್ಟನ್ನು ಎರಡು ವರ್ಷ ದಿನಾ ಮಾಡಿದವಳು ಕೈಲೀ.

ಇನ್ನು ನೋಡುವವರ ಕಡೆಯಿಂದ. ದಿನಾ ಒಂದೇ ಹೊತ್ತಿಗೆ ಮನೆಗೆ ಬರುವ ಮುಖ ನೆಂಟರ ಮುಖವಾಗಿಬಿಡುತ್ತದೆ. ನಮ್ಮಲ್ಲಿ ಧಾರಾವಾಹಿಯ ಸೊಸೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಹೆಂಗಸರು ಪಾತ್ರದ ಹೆಸರಲ್ಲೇ ಕರೆದು, ‘ಆ ಅತ್ತೆ ಹತ್ತಿರ ಹುಷಾರಾಗಿರಮ್ಮ’ ಎಂದು ಬುದ್ಧಿ ಹೇಳುವುದಿಲ್ಲವೇ? ಸಿನಿಮಾ ತಾರೆಯನ್ನು ಹಾಗೆ ಮಾತಾಡಿಸಲು ಬಾಯಿ ಬರುವುದಿಲ್ಲ. ಕೈಲೀ ಹಾಡುಗಾರ್ತಿಯಾಗಿ ಬಂದಾಗ ಕೋಟ್ಯಂತರ ಜನಕ್ಕೆ ಆಕೆ ಹೊಸಬಳಾಗಿರಲಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ಗಳಿಗೆ ಕೂಡಿಬಂತು. ಬಿಬಿಸಿ 1986ರ ಅಕ್ಟೋಬರ್‌ನಲ್ಲಿ ‘ನೇಬರ್ಸ್’ ಶುರು ಮಾಡಿದಾಗ ಅದು ಮಧ್ಯಾಹ್ನದ ಊಟದ ಹೊತ್ತಿನ ಕಾರ್ಯಕ್ರಮ. ಮರುಪ್ರಸಾರ ಮಾರನೆಯ ಬೆಳಿಗ್ಗೆ. ಎರಡೂ ಹೊತ್ತಿನಲ್ಲಿ ಮಕ್ಕಳು ಶಾಲೆಯಲ್ಲಿ. ವಾಹಿನಿಯ ಹಿರಿಯ ಅಧಿಕಾರಿ ಮೈಕೆಲ್ ಗ್ರೇಡ್ ಅವರಿಗೆ ಈ ತೊಂದರೆ ತಿಳಿದದ್ದು ಶಾಲೆಗೆ ಹೋಗುವ ಅವರ ಮಗಳಿಂದಲೇ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. 1988ರ ಜನವರಿಯಲ್ಲಿ ಮರುಪ್ರಸಾರವನ್ನು ಸಂಜೆ ಐದೂ ಮೂವತ್ತೈದಕ್ಕೆ ತಂದರು. ಮಕ್ಕಳು ಬ್ಯಾಗು ಬಿಸಾಕಿ ಟಿವಿ ಮುಂದೆ ಕೂರುವ ಹೊತ್ತು ಅದು. ಮುಂದಿನ ತಿಂಗಳು, ಫೆಬ್ರುವರಿಯಲ್ಲಿ, ಕೈಲೀಯ ‘ಐ ಶುಡ್ ಬಿ ಸೋ ಲಕಿ’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಬಿಡುಗಡೆಯಾದದ್ದು ಡಿಸೆಂಬರ್ ಕೊನೆಗೆ. ಜನವರಿಯ ಆ ಬದಲಾವಣೆ ಇಲ್ಲದಿದ್ದರೂ ಹಾಡು ಓಡುತ್ತಿತ್ತೇನೋ. ಆದರೆ ಪಾಪ್ ಸಿಂಗಲ್ ಕೊಳ್ಳುವವರು ಹದಿಹರೆಯದವರು, ಆ ಹದಿಹರೆಯದವರು ಈಗ ದಿನಾ ಸಂಜೆ ಆಕೆಯ ಎದುರಿಗೆ ಕೂತಿದ್ದರು. ಪಾಪ್ ತಾರೆಯರ ಏಳಿಗೆಯಲ್ಲಿ ದನಿ ಮತ್ತು ರೂಪದ ಮಾತೇ ಹೆಚ್ಚು. ಪ್ರಸಾರದ ವೇಳಾಪಟ್ಟಿ ಎಷ್ಟು ದೊಡ್ಡ ಶಕ್ತಿ ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಡು ಬಂದ ದಾರಿಗೆ ಬರುತ್ತೇನೆ. ಮೆಲ್ಬರ್ನ್‌ನಲ್ಲಿ ಫಿಟ್ಜ್‌ರಾಯ್ ಎಂಬ ಫುಟ್‌ಬಾಲ್ ಕ್ಲಬ್ ಹಣಕ್ಕೆ ಒದ್ದಾಡುತ್ತಿತ್ತು. ಅದರ ಸಹಾಯಾರ್ಥವಾಗಿ 1986ರಲ್ಲಿ ನಡೆದ ಕಾರ್ಯಕ್ರಮಕ್ಕೆ ಧಾರಾವಾಹಿಯ ತಂಡವೂ ಹೋಗಿತ್ತು. ಕೈಲೀ ಒಂದು ಯುಗಳಗೀತೆ ಹಾಡಿದಳು. ‘ಇನ್ನೊಂದು’ ಎಂದು ಜನ ಕೂಗಿದಾಗ ಹಾಡಿದ್ದು ‘ಲೋಕೋಮೋಷನ್’, ಕೆರೊಲ್ ಕಿಂಗ್ ಮತ್ತು ಜೆರ್ರಿ ಗಾಫಿನ್ 1962ರಲ್ಲಿ ಲಿಟಲ್ ಈವಾಗಾಗಿ ಮಾಡಿದ ಕುಣಿತದ ಹಾಡು. ಅಲ್ಲಿಂದ ಮಾತು ರೆಕಾರ್ಡಿಂಗ್‌ವರೆಗೆ ಬೆಳೆಯಿತು. ರಾಕ್ ಬ್ಯಾಂಡುಗಳಿಗೆ ಹೆಸರಾದ ಮಷ್ರೂಮ್ ರೆಕಾರ್ಡ್ಸ್ ಕಂಪನಿ ಧಾರಾವಾಹಿಯ ಹುಡುಗಿಯ ಜೊತೆ ಕರಾರು ಮಾಡಿಕೊಂಡಿತು. ತೆರೆಯ ಮೇಲೆ ಷಾರ್ಲೀನಳ ಮದುವೆಯಾದ ಜುಲೈ ತಿಂಗಳಲ್ಲೇ ಹಾಡು ಅಂಗಡಿಗೆ ಬಂತು. ಆಸ್ಟ್ರೇಲಿಯಾದಲ್ಲಿ ಏಳು ವಾರ ಅದು ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ.

ಆಮೇಲೆ ಲಂಡನ್. ಆ ಕಾಲಕ್ಕೆ ಅಲ್ಲಿ ಸ್ಟಾಕ್, ಐಟ್ಕೆನ್, ವಾಟರ್‌ಮನ್ ಎಂಬ ಮೂವರು ಹಾಡುಗಳ ಕಾರ್ಖಾನೆಯನ್ನೇ ನಡೆಸುತ್ತಿದ್ದರು. ಬನಾನರಾಮಾ, ರಿಕ್ ಆಸ್ಟ್ಲಿ ಎಲ್ಲ ಅವರ ಅಚ್ಚಿನಿಂದ ಬಂದವರೇ. ಕೈಲೀ ಧಾರಾವಾಹಿಗೆ ಸ್ವಲ್ಪ ದಿನ ರಜೆ ಹಾಕಿ 1987ರ ಶರತ್ಕಾಲದಲ್ಲಿ ಲಂಡನ್ನಿಗೆ ಹೋದಳು. ಹೋಗಿ ಕಾದಳು. ಕಾಯುತ್ತಲೇ ಇದ್ದಳು. ಆಕೆ ಬರುವ ಸುದ್ದಿಯನ್ನು ಪೀಟ್ ವಾಟರ್‌ಮನ್ ಜೊತೆಗಾರರಿಗೆ ಹೇಳುವುದನ್ನೇ ಮರೆತಿದ್ದರು. ಕಡೆಯ ದಿನ, ವಿಮಾನ ಹತ್ತುವ ಕೆಲವೇ ಗಂಟೆ ಮುಂಚೆ, ಸ್ಟುಡಿಯೊದ ಹೊರಗೆ ಕೂತ ಹುಡುಗಿ ಯಾರೆಂದು ಮೈಕ್ ಸ್ಟಾಕ್‌ಗೆ ಗೊತ್ತಾಯಿತು. ಒಳಗೆ ಹೋಗಿ ನಲವತ್ತು ನಿಮಿಷದಲ್ಲಿ ಒಂದು ಹಾಡು ಕಟ್ಟಿದರು. ಇಷ್ಟೆಲ್ಲ ಇರುವ ಹುಡುಗಿಗೆ ಪ್ರೀತಿಯಲ್ಲಾದರೂ ಅದೃಷ್ಟ ಕೈಕೊಟ್ಟಿರಬೇಕು ಎಂಬ ಊಹೆಯೇ ಹಾಡಿನ ಎಳೆ. ಆಕೆಗೆ ಹೆಡ್‌ಫೋನ್ ಹಾಕಿ ಒಂದೊಂದೇ ಸಾಲು ಹೇಳಿಕೊಟ್ಟರು. ಆಕೆ ಒಂದೊಂದೇ ಸಾಲು ಹಾಡಿದಳು. ಮುಗಿಯಿತು, ವಿಮಾನ ಹತ್ತಿದಳು.

ಈ ಕಥೆಯನ್ನು ಹೇಳುವವರೆಲ್ಲ ಆ ಮೂವರ ಚುರುಕುತನ ಹೊಗಳಲು ಹೇಳುತ್ತಾರೆ. ನನಗೆ ಕಾಣುವುದು ಹೊರಗೆ ಕೂತಿದ್ದ ಹುಡುಗಿ. ಹತ್ತೊಂಬತ್ತು ವರ್ಷ, ಪರದೇಶ, ತಾನು ಬಂದದ್ದೇ ಯಾರಿಗೂ ನೆನಪಿಲ್ಲ. ಸಿಟ್ಟಿನಿಂದ ಎದ್ದು ಹೋಗಬಹುದಿತ್ತು, ಅಳಬಹುದಿತ್ತು. ಕರೆದ ಕೂಡಲೇ ಒಳಗೆ ಹೋಗಿ, ಹಿಂದೆಂದೂ ಕೇಳದ ಹಾಡನ್ನು, ಇಡಿಯಾಗಿ ಹೇಗಿದೆಯೆಂದೂ ತಿಳಿಯದೆ, ತುಂಡುತುಂಡಾಗಿ ಹಾಡಿ, ಆ ತುಂಡುಗಳಲ್ಲಿ ಒಂದೇ ನಗುವನ್ನು ತುಂಬಿ ಬರುವುದು ನನವಾಡಿಂಗ್‌ನ ಸ್ಟುಡಿಯೊದಲ್ಲಿ ಪಳಗಿದವಳಿಗಷ್ಟೇ ಸಾಧ್ಯ. ಹಾಡು ಗೆದ್ದ ಮೇಲೆ ಮೈಕ್ ಸ್ಟಾಕ್ ಆಸ್ಟ್ರೇಲಿಯಾಕ್ಕೇ ಹೋಗಿ ಆಕೆಯ ಕ್ಷಮೆ ಕೇಳಬೇಕಾಯಿತು.

ಈ ಬರಹಕ್ಕಾಗಿ ಆ ಹಾಡನ್ನು ಮತ್ತೆ ಮತ್ತೆ ಕೇಳಿದೆ. ದನಿ ತೆಳು, ಮೂಗಿನ ಹತ್ತಿರದ್ದು. ಕೆಳಸ್ಥಾಯಿಯಲ್ಲಿ ಅದಕ್ಕೆ ನೆಲ ಸಿಗುವುದಿಲ್ಲ. ಆದರೆ ಒಂದೊಂದು ಪದವೂ ಸ್ಪಷ್ಟ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ. ಪ್ರೀತಿ ಸಿಗದ ದುಃಖದ ಹಾಡದು, ಆದರೆ ಹಾಡುವ ದನಿಯಲ್ಲಿ ದುಃಖವಿಲ್ಲ. ಸಿಕ್ಕೇ ಸಿಗುತ್ತದೆ ಎಂಬ ಹುಡುಗುತನದ ಭರವಸೆಯಿದೆ. ಅದು ಷಾರ್ಲೀನಳ ದನಿ.

ವಿಮರ್ಶಕರಿಗೆ ಇದೇ ಹಿಡಿಸಲಿಲ್ಲ. ಪತ್ರಿಕೆಗಳು ಆಕೆಗೆ ‘ಹಾಡುವ ಬಜ್ಜಿ’ ಎಂದು ಅಡ್ಡಹೆಸರಿಟ್ಟವು. ಬಜ್ಜಿ ಎಂದರೆ ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ. ನಮ್ಮಲ್ಲಿ ಪಂಜರದಲ್ಲಿಟ್ಟು ‘ಲವ್ ಬರ್ಡ್ಸ್’ ಎಂದು ಸಾಕುತ್ತಾರಲ್ಲ, ಹಳದಿ, ಹಸಿರು, ನೀಲಿ ಬಣ್ಣದವು, ಅದೇ ಹಕ್ಕಿ. ಹೇಳಿಕೊಟ್ಟದ್ದನ್ನು ಚಿಲಿಪಿಲಿ ಎನ್ನುವ, ಸ್ವಂತದ್ದೇನೂ ಇಲ್ಲದ ಪ್ರಾಣಿ ಎಂಬುದು ಆ ಹೆಸರಿನೊಳಗಿನ ಚುಚ್ಚು.

ಕನ್ನಡದ ಓದುಗರಿಗೆ ಈ ಸಿಟ್ಟು ಅರ್ಥವಾಗುವುದು ಕಷ್ಟ. ಕಲ್ಪನಾ ಅಳುತ್ತಾರೆ, ಎಸ್. ಜಾನಕಿ ಹಾಡುತ್ತಾರೆ, ನಮ್ಮ ಕಣ್ಣಲ್ಲಿ ನೀರು. ಯಾರ ದನಿ, ಯಾರ ಮುಖ, ಯಾರು ಬರೆದದ್ದು ಎಂಬುದು ನಮಗೆ ಎಂದೂ ಪ್ರಾಮಾಣಿಕತೆಯ ಪ್ರಶ್ನೆಯಾಗಲಿಲ್ಲ. ಕಂಪನಿ ನಾಟಕದಲ್ಲಂತೂ ಹಾಡಲು ಬಾರದವರು ನಟರೇ ಅಲ್ಲ. ಆ ಮಣ್ಣಿನಿಂದ ಬಂದ ರಾಜ್‌ಕುಮಾರ್ ಅವರಿಗೆ ‘ಜೀವನ ಚೈತ್ರ’ದ ಹಾಡಿಗಾಗಿ ಗಾಯಕರಾಗಿಯೇ ರಾಷ್ಟ್ರಪ್ರಶಸ್ತಿ ಬಂತು. ಪಶ್ಚಿಮದ ರಾಕ್ ಲೋಕದ ನಂಬಿಕೆ ಬೇರೆ. ಹಾಡುವವನು ಹಾಡನ್ನು ತಾನೇ ಬರೆಯಬೇಕು, ಅದಕ್ಕಿಂತ ಮೊದಲು ಅದನ್ನು ಬದುಕಿರಬೇಕು. ಆ ತಕ್ಕಡಿಯಲ್ಲಿ ಧಾರಾವಾಹಿಯ ನಟಿ ಎರಡು ಸಲ ಸುಳ್ಳಿ: ಆಡುವುದೂ ಬೇರೆಯವರ ಮಾತು, ಹಾಡುವುದೂ ಬೇರೆಯವರ ಹಾಡು. ಹೆಣ್ಣೆಂಬ ಕಾರಣಕ್ಕೆ ತಕ್ಕಡಿ ಇನ್ನಷ್ಟು ವಾಲುತ್ತಿತ್ತು ಎಂದು ಹೇಳದೆ ಇರಲಾರೆ. ಅದೇ ಕಾರ್ಖಾನೆಯಲ್ಲಿ ಹಾಡಿದ ಹುಡುಗರಿಗೂ ಟೀಕೆ ಬಂತು, ಆದರೆ ಪಂಜರದ ಹಕ್ಕಿಯ ಹೆಸರು ಬಿದ್ದದ್ದು ಈ ಹುಡುಗಿಗೆ.

ಕಾರ್ಖಾನೆಯ ವರ್ಷಗಳನ್ನು ಬೇಗ ದಾಟೋಣ. ತೆರೆಯ ಗಂಡ ಜೇಸನ್ ಡೊನೊವನ್ ಜೊತೆ ಹಾಡಿದ ‘ಎಸ್ಪೆಷಲಿ ಫಾರ್ ಯೂ’ 1989ರ ಜನವರಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಿಟ್ ಮೇಲೆ ಹಿಟ್, ನಾಲ್ಕು ಆಲ್ಬಂ. 1990ರ ‘ಬೆಟರ್ ದ ಡೆವಿಲ್ ಯೂ ನೋ’ ಹೊತ್ತಿಗೆ ವೇಷ, ನಡಿಗೆ, ಕಣ್ಣೋಟ ಎಲ್ಲ ಬದಲಾಗಿತ್ತು. ಅದು ಬೇರೊಬ್ಬರು ಬರೆದ ಹಾಡಾದರೂ ಬೇರೊಬ್ಬರು ಬರೆದ ಪಾತ್ರವಾಗಿರಲಿಲ್ಲ. 1992ರಲ್ಲಿ ಆಕೆ ಆ ಕಂಪನಿ ಬಿಟ್ಟು ಹೊರಬಂದಳು. ಗೆಲ್ಲುತ್ತಿದ್ದ ಜಾಗದಿಂದ ಗೆಲುವಿನ ಖಾತರಿಯಿಲ್ಲದ ಜಾಗಕ್ಕೆ. 1994ರ ‘ಕನ್ಫೈಡ್ ಇನ್ ಮಿ’ ಕೇಳಿದವರಿಗೆ ಇದು ಅದೇ ಹುಡುಗಿಯೇ ಎಂದು ಅನುಮಾನ ಬರಬೇಕು. ದನಿ ಕೆಳಗಿಳಿದಿದೆ, ಅವಸರವಿಲ್ಲ, ಪಿಸುಮಾತಿಗೂ ಹಾಡಿಗೂ ನಡುವೆ ಎಲ್ಲೋ ನಿಂತಿದೆ.

ಆಗ ನಿಕ್ ಕೇವ್ ಬಂದರು. ಅವರೂ ವಿಕ್ಟೋರಿಯಾ ರಾಜ್ಯದವರೇ, ಆದರೆ ಅವರ ಹಾಡುಗಳಲ್ಲಿರುವುದು ಕೊಲೆ, ಪಾಪ, ಸಾವು. ರಾಕ್ ಲೋಕದ ಗಂಭೀರರಲ್ಲಿ ಗಂಭೀರರು. ಕೈಲೀಗಾಗಿ ಹಾಡು ಬರೆಯಬೇಕೆಂಬ ಆಸೆಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದವರು. 1995ರಲ್ಲಿ ಇಬ್ಬರೂ ಸೇರಿ ‘ವೇರ್ ದ ವೈಲ್ಡ್ ರೋಸಸ್ ಗ್ರೋ’ ಹಾಡಿದರು. ಕೊಂದವನೂ ಕೊಲೆಯಾದವಳೂ ಸರದಿಯಲ್ಲಿ ತಮ್ಮ ಕಥೆ ಹೇಳುವ ಹಾಡು. ಸತ್ತ ಹುಡುಗಿಯ ಪಾತ್ರ ಕೈಲೀಯದು. ವಿಮರ್ಶಕರು ಬಯ್ದ ಆ ತೆಳುದನಿಯೇ ಇಲ್ಲಿ ಬೇಕಾದದ್ದು. ಮೂರು ದಿನಗಳ ಕಥೆಯನ್ನು ಆ ಹುಡುಗಿ ಮುಗ್ಧವಾಗಿ, ನಿರುದ್ವಿಗ್ನವಾಗಿ ಹೇಳುತ್ತಾಳೆ. ಕೇಳುವವರಿಗೆ ಮಾತ್ರ ಮುಂದಾಗುವುದು ಗೊತ್ತು. ಇದು ಅಪ್ಪಟ ನಟನೆ.

ಮರುವರ್ಷ, 1996ರ ಜುಲೈ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ‘ಪೊಯೆಟ್ರಿ ಒಲಿಂಪಿಕ್ಸ್’ ಎಂಬ ಕವಿಗೋಷ್ಠಿ. ಕೈಲೀಯನ್ನು ಅಲ್ಲಿಗೆ ಒಪ್ಪಿಸಿ ಕಳಿಸಿದ್ದು ಕೇವ್ ಅವರೇ, ಅದೂ ಒಂದು ಕಷ್ಟದ ಕೆಲಸ ವಹಿಸಿ. ಕವಿಗಳು ತಂತಮ್ಮ ಕವಿತೆ ಓದುವ ವೇದಿಕೆಯಲ್ಲಿ ಆಕೆ ‘ಐ ಶುಡ್ ಬಿ ಸೋ ಲಕಿ’ ಹಾಡಿನ ಸಾಲುಗಳನ್ನು ಕವಿತೆಯಂತೆ ಓದಬೇಕು. ಡ್ರಮ್ ಇಲ್ಲ, ಸಿಂಥಸೈಜರ್ ಇಲ್ಲ, ಕುಣಿತವಿಲ್ಲ. ನಲವತ್ತು ನಿಮಿಷದಲ್ಲಿ ಹೊಸೆದ, ತನ್ನನ್ನು ಗಿಳಿ ಎಂದು ಕರೆಯಲು ಕಾರಣವಾದ, ತಾನೂ ಎಷ್ಟೋ ವರ್ಷ ದೂರ ಇಡಲು ನೋಡಿದ ಸಾಲುಗಳು. ಆಕೆ ಓದಿದಳು. ಜನ ಕೇಳಿದರು. ತನ್ನ ಹಿಂದಿನ ದಿನಗಳ ಜೊತೆಗಿದ್ದ ಮುನಿಸು ಕಳೆಯಲು ಆ ಸಂಜೆ ದಾರಿ ಮಾಡಿಕೊಟ್ಟಿತೆಂದು ಆಕೆ ಆಮೇಲೆ ಹೇಳಿಕೊಂಡಿದ್ದಾಳೆ. ಕೈಲೀಯ ಏಳಿಗೆ ಶುರುವಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ 1988ರ ಮೊದಲ ಸ್ಥಾನವನ್ನು ಬಿಟ್ಟು ನಾನು ಈ ಸಂಜೆಯನ್ನು ತೋರಿಸುತ್ತೇನೆ. ಆ ಸಾಲುಗಳು ಆಕೆಯವಾದದ್ದು ಅಲ್ಲಿ.

ಇದಾದ ಮೇಲೂ ಒಂದು ಆಲ್ಬಂ ಸೋತಿತು, ಮತ್ತೊಂದು ಕಂಪನಿ ಕೈತಪ್ಪಿತು. ಆದರೆ ಈಗ ಆಕೆಗೆ ತಾನು ಯಾರೆಂಬ ಅಂಜಿಕೆ ಇರಲಿಲ್ಲ. 2000ದಲ್ಲಿ ‘ಸ್ಪಿನ್ನಿಂಗ್ ಅರೌಂಡ್’ ಬಂತು. ಹತ್ತು ವರ್ಷಗಳ ನಂತರ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನ. ಆ ಹಾಡಿನ ವಿಡಿಯೊದಲ್ಲಿ ಹಾಕಿದ ಬಂಗಾರದ ಬಣ್ಣದ ಚಡ್ಡಿ ಹಳೇಬಟ್ಟೆ ಮಾರುವ ಸಂತೆಯಲ್ಲಿ ಐವತ್ತು ಪೆನ್ಸ್‌ಗೆ ಕೊಂಡದ್ದು. ಈಗ ಅದು ಮೆಲ್ಬರ್ನ್‌ನ ಆರ್ಟ್ಸ್ ಸೆಂಟರ್ ಸಂಗ್ರಹದಲ್ಲಿದೆ. ಅದೇ ವರ್ಷ ಅಕ್ಟೋಬರ್ 1ರಂದು ಸಿಡ್ನಿ ಒಲಿಂಪಿಕ್ಸಿನ ಸಮಾರೋಪ. ಒಂದು ದೈತ್ಯ ಹವಾಯಿ ಚಪ್ಪಲಿಯ ಮೇಲೆ ಆಕೆಯನ್ನು ಕೂರಿಸಿ, ಸಮುದ್ರದಂಡೆಯಲ್ಲಿ ಮುಳುಗುವವರನ್ನು ಕಾಪಾಡುವ ಹುಡುಗರು ಪಲ್ಲಕ್ಕಿಯಂತೆ ಹೊತ್ತು ತಂದರು. ಕ್ರೀಡಾಂಗಣದ ನಡುವೆ ಆಕೆ ಅಬ್ಬಾ ತಂಡದ ‘ಡ್ಯಾನ್ಸಿಂಗ್ ಕ್ವೀನ್’ ಹಾಡಿದಳು. ಆಸ್ಟ್ರೇಲಿಯಾದವರಿಗೆ ಹವಾಯಿ ಚಪ್ಪಲಿ ನಿತ್ಯದ್ದು, ಮನೆಯದ್ದು. ಅದರ ಮೇಲೆ ಕೂತು ಬಂದವಳನ್ನೂ ಅವರು ಮನೆಯವಳೆಂದೇ ಕಂಡರು.

ಮಾರನೆಯ ವರ್ಷದ ‘ಕಾಂಟ್ ಗೆಟ್ ಯೂ ಔಟ್ ಆಫ್ ಮೈ ಹೆಡ್’ ಬರೆದವರು ಕ್ಯಾಥಿ ಡೆನ್ನಿಸ್ ಮತ್ತು ರಾಬ್ ಡೇವಿಸ್. ಕೈಲೀಗಿಂತ ಮೊದಲು ಕೇಳಿದ ಕಡೆ ಅದು ಬೇಡವೆನಿಸಿಕೊಂಡಿತ್ತು. ಆಕೆ ಮಾತ್ರ ಇಪ್ಪತ್ತು ಸೆಕೆಂಡು ಕೇಳಿದ್ದೇ ತಡ, ಬೇಕು ಅಂದಳು. ಹಾಡು ಬಹಳಷ್ಟು ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅಲ್ಲಿಯವರೆಗೆ ಆಕೆಯನ್ನು ಬಹುಪಾಲು ಮರೆತಿದ್ದ ಅಮೆರಿಕದಲ್ಲೂ ಏಳನೆಯ ಸ್ಥಾನ ಮುಟ್ಟಿತು. ಆಗ ಆಕೆಗೆ ಮೂವತ್ತಮೂರು. ಪಾಪ್ ಲೋಕ ಹೆಣ್ಣುಮಕ್ಕಳಿಗೆ ನಿವೃತ್ತಿ ಕೊಡಿಸಲು ಕಾಯುವ ವಯಸ್ಸು.

2005ರ ಮೇ ತಿಂಗಳಲ್ಲಿ, ಸಂಗೀತ ಪ್ರವಾಸದ ಮಧ್ಯೆ, ಸ್ತನ ಕ್ಯಾನ್ಸರ್ ಪತ್ತೆಯಾಯಿತು. ವಯಸ್ಸು 36. ಮೊದಲ ತಪಾಸಣೆಯಲ್ಲಿ ಏನೂ ಇಲ್ಲವೆಂದು ಕಳಿಸಿದ್ದರೆಂದು ಆಕೆ ಮುಂದೆ ಹೇಳಿದಳು. ಅನುಮಾನ ಬಂದರೆ ಇನ್ನೊಮ್ಮೆ ತೋರಿಸಿಕೊಳ್ಳಿ ಎಂಬುದು ಆಕೆ ಹೆಂಗಸರಿಗೆ ಹೇಳಿದ ಮಾತು. ಸುದ್ದಿ ಹರಡಿದ ಎರಡು ವಾರಗಳಲ್ಲಿ ಆಸ್ಟ್ರೇಲಿಯಾದಲ್ಲಿ ಸ್ತನ ತಪಾಸಣೆಗೆ ಹೆಸರು ಬರೆಸಿದವರ ಸಂಖ್ಯೆ ಶೇ. 40ರಷ್ಟು ಏರಿತೆಂದು ಅಲ್ಲಿನ ವೈದ್ಯಕೀಯ ಪತ್ರಿಕೆಯ ಅಧ್ಯಯನವೊಂದು ದಾಖಲಿಸಿತು. ಇಂಥ ದೊಡ್ಡ ಏರಿಕೆಯ ಹಿಂದೆ ಆ ಧಾರಾವಾಹಿಯ ನೆಂಟಸ್ತಿಕೆಯ ಪಾಲೂ ಇರಬೇಕೆಂದು ನನಗನ್ನಿಸುತ್ತದೆ. ಮನೆಮಗಳಿಗೆ ಕಾಯಿಲೆ ಬಂದಾಗಲೇ ನಮಗೂ ಬರಬಹುದೆಂಬ ಎಚ್ಚರ ಮೂಡುವುದು. 2006ರ ನವೆಂಬರ್‌ನಲ್ಲಿ ಆಕೆ ಸಿಡ್ನಿಯಲ್ಲಿ ಮತ್ತೆ ವೇದಿಕೆ ಹತ್ತಿದಳು. 2009ರಲ್ಲಿ ಎ. ಆರ್. ರೆಹಮಾನ್ ಸಂಗೀತದ ಹಿಂದಿ ಚಿತ್ರ ‘ಬ್ಲೂ’ಗಾಗಿ ಅಕ್ಷಯ್ ಕುಮಾರ್ ಜೊತೆ ಕುಣಿದು ಹಾಡಿದ್ದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಐವತ್ತೈದರ ವಯಸ್ಸಿನಲ್ಲಿ ‘ಪದಂ ಪದಂ’ ಹಾಡಿಗೆ ಗ್ರ್ಯಾಮಿ ಬಂದದ್ದು 2024ರಲ್ಲಿ.

ಅದಕ್ಕೂ ಮುಂಚೆ, 2022ರಲ್ಲಿ, ‘ನೇಬರ್ಸ್’ ಮುಗಿಯುತ್ತಿದೆ ಎಂಬ ಸುದ್ದಿ ಬಂದಾಗ, ಕೊನೆಯದೆಂದುಕೊಂಡಿದ್ದ ಕಂತಿಗೆ ಹಳಬರನ್ನೆಲ್ಲ ಕರೆದರು. ಆಲ್ಬರ್ಟ್ ಹಾಲ್, ಒಲಿಂಪಿಕ್ಸ್, ಗ್ಲಾಸ್ಟನ್‌ಬರಿ ಸಂಗೀತೋತ್ಸವ ಎಲ್ಲ ಕಂಡುಬಂದ ಕೈಲೀ ಒಪ್ಪಿಕೊಂಡಳು. ಪಿನ್ ಓಕ್ ಕೋರ್ಟ್‌ನ ಆ ಅಡ್ಡರಸ್ತೆಗೆ ಜೇಸನ್ ಡೊನೊವನ್ ಜೊತೆ ಷಾರ್ಲೀನ್ ಆಗಿಯೇ ವಾಪಸು ಬಂದಳು. ಸೀರಿಯಲ್ಲಿನ ಲೆಕ್ಕದಲ್ಲಿ ಇಬ್ಬರೂ ಇನ್ನೂ ಗಂಡಹೆಂಡಿರು.